ಹೆದರಿಕೆ ಇದ್ದರೆ ವಿಶ್ವಾಸ ಇಲ್ಲ ಅಂತಲಾ?

ಪ್ರಶ್ನೆ: ನನಗೆ 41 ವರ್ಷ, ಗದಗ ಜಿಲ್ಲೆಯವಳು. ಗಂಡ ಒಮಾನ್‌ನಲ್ಲಿ ಕೆಲಸದಲ್ಲಿದ್ದಾರೆ. ಮಗ ಸೆಕೆಂಡ್ ಪಿಯುಸಿ. ಮನೆ ಕಟ್ಟಿದ ಸಾಲ ಇನ್ನೂ ಇದೆ. ಹೋದ ವರ್ಷ ಅಪ್ಪ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅಣ್ಣ ಫೋನ್ ಮಾಡಿದಾಗ ರಾತ್ರಿ ಮೂರು ದಾಟಿತ್ತು. ಈಗ ಎಂಟು ತಿಂಗಳಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನಡುರಾತ್ರಿ ಎಚ್ಚರವಾಗುತ್ತದೆ, ಗಡಿಯಾರ ನೋಡಿದರೆ ಮೂರು, ಮೂರೂಕಾಲು. ಎದೆ ಡವಡವ, ಕೈಬೆರಳು ಜುಮ್ ಅನ್ನುತ್ತವೆ, ಸತ್ತೇ ಹೋಗುತ್ತೇನೆ ಅನಿಸುತ್ತದೆ. ಇಸಿಜಿ ಸರಿ ಇದೆ. ಡಾಕ್ಟರ್ ಆತಂಕದ ಕಾಯಿಲೆ ಅಂತ ಮಾತ್ರೆ ಬರೆದುಕೊಟ್ಟರು. ಪ್ರಾರ್ಥನಾ ಕೂಟದ ಹಿರಿಯ ಅಕ್ಕ ಒಬ್ಬರಿಗೆ ಹೇಳಿದೆ. "ದೇವರು ನಮಗೆ ಭಯದ ಆತ್ಮ ಕೊಟ್ಟಿಲ್ಲ, ನಿನ್ನಲ್ಲಿ ವಿಶ್ವಾಸ ಕಡಿಮೆ, ಮಾತ್ರೆ ಬಿಡು, ಉಪವಾಸ ಮಾಡು" ಅಂದರು. ಮಾತ್ರೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ, ಒಂದೂ ನುಂಗಿಲ್ಲ. ಹೊಸ ವರ್ಷದ ಆರಾಧನೆಯಲ್ಲಿ ಇಡೀ ವರ್ಷಕ್ಕೆಂದು ನನಗೆ ಬಂದ ವಾಗ್ದಾನದ ಬೈಬಲ್ ವಾಕ್ಯ ಯೆಶಾಯ 41:10, "ನೀನಂತು ಹೆದರಬೇಡ." ಆದರೂ ಹೆದರಿಕೆ ಹೋಗಿಲ್ಲ. ನನ್ನ ವಿಶ್ವಾಸ ಸುಳ್ಳಾ? ಗಂಡನಿಗೆ ಇದು ಯಾವುದೂ ಗೊತ್ತಿಲ್ಲ. ಹೇಳಲಾ?

ಉತ್ತರ:

ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಕಿ ಡಬ್ಬಿಯ ಮಾತು ಬಂದಾಗ ಮನಸ್ಸಿಗೆ ತುಂಬ ನೋವಾಯಿತು. ಎಂಟು ತಿಂಗಳು ಒಬ್ಬರೇ ಇದನ್ನು ಹೊತ್ತಿದ್ದೀರಿ. ಹೆದರಿಕೆಯ ಭಾರ ಒಂದು, "ಹೆದರುತ್ತೇನಲ್ಲಾ" ಅನ್ನುವ ತಪ್ಪಿತಸ್ಥ ಭಾವದ ಭಾರ ಇನ್ನೊಂದು. ಎರಡನೆಯದನ್ನು ಮೊದಲು ಇಳಿಸೋಣ. ಅದನ್ನು ನಿಮ್ಮ ಮೇಲೆ ಹೊರಿಸಿದ್ದು ದೇವರಲ್ಲ.

ನಿಮ್ಮ ವಿಶ್ವಾಸ ಸುಳ್ಳಲ್ಲ. ಹೆದರಿಕೆ ಇರುವ ಜಾಗದಲ್ಲಿ ವಿಶ್ವಾಸ ಇರುವುದಿಲ್ಲ ಅನ್ನುವ ಲೆಕ್ಕವೇ ಬೈಬಲ್‌ನಲ್ಲಿ ಇಲ್ಲ. ಕೀರ್ತನೆ 56 ನೋಡಿ. "ನನಗೆ ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ" ಅನ್ನುವ ಅರ್ಥದ ಮಾತು ಅಲ್ಲಿದೆ. "ಹೆದರಿಕೆ ಹೋದಮೇಲೆ ನಂಬುತ್ತೇನೆ" ಅಂತ ಇಲ್ಲ. ಎರಡೂ ಒಂದೇ ಎದೆಯಲ್ಲಿ, ಒಂದೇ ರಾತ್ರಿಯಲ್ಲಿ ಇವೆ.

ಆ ಅಕ್ಕ ಹೇಳಿದ ವಾಕ್ಯ 2 ತಿಮೊಥೆಯ 1:7, ಅಪೊಸ್ತಲ ಪೌಲನು ತನ್ನ ಕಿರಿಯ ಸಂಗಡಿಗ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ್ದು. ಈ ವಾಕ್ಯದಿಂದ ಹೆದರಿದವರಿಗೆ ಪೆಟ್ಟು ಬಿದ್ದದ್ದನ್ನು ನಾನು ತುಂಬ ಸಲ ನೋಡಿದ್ದೇನೆ. ಪೌಲನು ಅಲ್ಲಿ ಬಳಸಿದ ಗ್ರೀಕ್ ಪದ 'ದೈಲಿಯ'. ಸಾಮಾನ್ಯ ಹೆದರಿಕೆಗೆ ಆ ಭಾಷೆಯಲ್ಲಿ 'ಫೋಬೊಸ್' ಅನ್ನುವ ಬೇರೆ ಪದ ಇದೆ. ದೈಲಿಯ ಅಂದರೆ ಹೇಡಿತನ, ಮಾಡಬೇಕಾದ ಕೆಲಸ ಬಿಟ್ಟು ಓಡುವುದು. ನೀವು ರಾತ್ರಿ ಮೂರಕ್ಕೆ ನಡುಗುತ್ತಾ ಕೂತು, ಬೆಳಿಗ್ಗೆ ಎದ್ದು ಮಗನಿಗೆ ಡಬ್ಬಿ ಕಟ್ಟಿ ಕಾಲೇಜಿಗೆ ಕಳಿಸುತ್ತೀರಿ. ಅದಕ್ಕೆ ಯಾರಾದರೂ ಹೇಡಿತನ ಅನ್ನುತ್ತಾರಾ?

ಆ ಪತ್ರ ಯಾರಿಗೆ ಬಂತು ಅನ್ನುವುದನ್ನೂ ನೋಡಿ. ತಿಮೊಥೆಯನ ಕಣ್ಣೀರು ನೆನಪಿದೆ ಅಂತ ಪೌಲನು ಅದೇ ಅಧ್ಯಾಯದಲ್ಲಿ ಬರೆಯುತ್ತಾನೆ. ಮೊದಲನೆಯ ಪತ್ರದಲ್ಲಿ, "ನಿನ್ನ ಹೊಟ್ಟೆಯ ತೊಂದರೆಗೆ, ಪದೇ ಪದೇ ಬರುವ ಕಾಯಿಲೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ" ಅನ್ನುತ್ತಾನೆ. ಆ ಕಾಲಕ್ಕೆ ಅದು ಮದ್ದು. ಇದೇ ತಿಮೊಥೆಯನಿಗೆ ಪೌಲನು ಮದ್ದೂ ಹೇಳಿದ, ಧೈರ್ಯವನ್ನೂ ಹೇಳಿದ. "ಮದ್ದು ಬಿಡು" ಅನ್ನಲಿಲ್ಲ.

ಸ್ವತಃ ಪೌಲನ ಕಥೆ ಇನ್ನೂ ಹತ್ತಿರದ್ದು. ಕೊರಿಂಥಕ್ಕೆ ಬಂದಾಗ ಬಲಹೀನನಾಗಿ, ಭಯಪಡುತ್ತಾ, ಬಹಳ ನಡುಗುತ್ತಾ ಇದ್ದೆ ಅಂತ ಅವನೇ ಆ ಊರಿನವರಿಗೆ ಆಮೇಲೆ ಬರೆದ. ಅದೇ ಊರಿನಲ್ಲಿ ಒಂದು ರಾತ್ರಿ ಕರ್ತನು ದರ್ಶನದಲ್ಲಿ ಅವನಿಗೆ "ಹೆದರಬೇಡ, ನಾನು ನಿನ್ನ ಸಂಗಡ ಇದ್ದೇನೆ" ಅಂದದ್ದು ಅಪೊಸ್ತಲರ ಕೃತ್ಯಗಳು 18ರಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಆ ಮಾತು ಬಂದದ್ದು ನಡುಗುತ್ತಿದ್ದವನಿಗೆ. ಹೆದರದೆ ಇದ್ದವನಿಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ ಅಲ್ವಾ?

ಬೈಬಲ್‌ನಲ್ಲಿ "ಹೆದರಬೇಡ" ಅಂತ 365 ಸಲ ಇದೆ, ದಿನಕ್ಕೆ ಒಂದರಂತೆ, ಅನ್ನುವ ಮೆಸೇಜು ನಿಮಗೂ ಬಂದಿರಬಹುದು. ಎಣಿಸಿದರೆ ಅಷ್ಟು ಸಿಗುವುದಿಲ್ಲ. ಲೆಕ್ಕ ಮುಖ್ಯವೂ ಅಲ್ಲ. ಅದು ಯಾವ ದನಿಯಲ್ಲಿ ಬಂದ ಮಾತು ಅನ್ನುವುದು ಮುಖ್ಯ. ರಾತ್ರಿ ಕರೆಂಟ್ ಹೋಗುತ್ತದೆ, ಮಗು ಕಿರುಚುತ್ತದೆ. ತಾಯಿ ಒಳಗಿನಿಂದ "ಹೆದರಬೇಡ ಕಂದಾ, ನಾನಿಲ್ಲೇ ಇದ್ದೀನಿ" ಅಂತ ಕತ್ತಲಲ್ಲೇ ತಡವರಿಸಿಕೊಂಡು ಬಂದು ಎತ್ತಿಕೊಳ್ಳುತ್ತಾಳೆ. ಅದು ಗದರಿಕೆ ಅಲ್ಲ. ಮಗು ಇನ್ನೂ ಸ್ವಲ್ಪ ಹೊತ್ತು ಬಿಕ್ಕಿದರೆ, "ಹೇಳಿದರೂ ಹೆದರುತ್ತೀಯಾ, ನನ್ನ ಮೇಲೆ ನಂಬಿಕೆ ಇಲ್ವಾ" ಅಂತ ಯಾವ ತಾಯಿಯೂ ಕೆಳಗಿಳಿಸುವುದಿಲ್ಲ. ಕರೆಂಟ್ ಇನ್ನೂ ಬಂದಿಲ್ಲ, ಆದರೆ ತಾಯಿ ಬಂದಿದ್ದಾಳೆ. ನಿಮ್ಮ ವಾಗ್ದಾನದ ವಾಕ್ಯವೂ ಹೀಗೇ ಇದೆ. "ನೀನಂತು ಹೆದರಬೇಡ" ಅಂದ ಕೂಡಲೇ "ನಾನೇ ನಿನ್ನೊಂದಿಗಿದ್ದೇನೆ" ಅಂತ ಬರುತ್ತದೆ. ಮನೆ, ಊರು, ದೇವಾಲಯ ಎಲ್ಲ ಕಳೆದುಕೊಂಡು ಬಾಬೆಲಿನ ಸೆರೆಯಲ್ಲಿದ್ದ ಜನರಿಗೆ ಹೇಳಿದ ಮಾತು ಅದು. ವರ್ಷವಿಡೀ ಎದೆ ಡವಡವ ಅನ್ನುವುದಿಲ್ಲ ಅನ್ನುವ ಗ್ಯಾರಂಟಿ ಕಾರ್ಡ್ ಅಂತ ಅದನ್ನು ಓದಬೇಡಿ. ಒಬ್ಬರು ಪಕ್ಕದಲ್ಲಿ ಬಂದು ನಿಂತಿದ್ದಾರೆ ಅಂತ ಓದಿ.

ನನ್ನದೂ ಒಂದು ತಪ್ಪು ಇಲ್ಲಿ ಹೇಳಬೇಕು. ಸಭಾಪಾಲಕನಾದ ಮೊದಲ ವರ್ಷಗಳಲ್ಲಿ, ನಿಮ್ಮಂತೆಯೇ ನಡುಗುತ್ತಿದ್ದ ಒಬ್ಬ ತಾಯಿಗೆ ನಾನೂ "ವಿಶ್ವಾಸ ಇಡಿ, ಎಲ್ಲ ಸರಿ ಹೋಗುತ್ತದೆ" ಅಂದು ಎರಡು ನಿಮಿಷ ಪ್ರಾರ್ಥಿಸಿ ಕಳಿಸಿದ್ದೆ. ಅವರು ಮತ್ತೆ ನನ್ನ ಹತ್ತಿರ ಮನಸ್ಸು ಬಿಚ್ಚಲಿಲ್ಲ. ಆಪ್ತಸಮಾಲೋಚನೆ ಕಲಿಯಲು ನಾನು ಹೋದದ್ದು ಆ ಮುಖ ಮರೆಯಲು ಆಗದೆ. ಆದ್ದರಿಂದ ಆ ಅಕ್ಕನ ಮೇಲೆ ನನಗೆ ಕೋಪ ಇಲ್ಲ. ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಹೇಳಿದ್ದು ತಪ್ಪು.

ಈಗ ಒಂದು ದೋಣಿಗೆ ಹೋಗೋಣ. ಮಾರ್ಕ 4ನೇ ಅಧ್ಯಾಯ. ಗಲಿಲಾಯ ಸಮುದ್ರ ಅನ್ನುತ್ತೇವೆ, ನಿಜವಾಗಿ ಅದು ಸಿಹಿನೀರಿನ ಕೆರೆ. ಉದ್ದ ಸುಮಾರು 21 ಕಿಲೋಮೀಟರ್. ಸಮುದ್ರ ಮಟ್ಟಕ್ಕಿಂತ 200 ಮೀಟರ್‌ಗೂ ಹೆಚ್ಚು ಕೆಳಗಿದೆ, ಸುತ್ತ ಗುಡ್ಡ. ಮೇಲಿನ ಗಾಳಿ ಏಕಾಏಕಿ ಕೆಳಗೆ ನುಗ್ಗುತ್ತದೆ. ದೋಣಿಯಲ್ಲಿದ್ದವರಲ್ಲಿ ಕೆಲವರು ಅದೇ ನೀರಿನಲ್ಲಿ ಮೀನು ಹಿಡಿದು ಬೆಳೆದವರು. ಅವರೇ ಕಂಗಾಲಾದರು ಅಂದರೆ ಅಪಾಯ ನಿಜವೇ ಇತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಹಾಗೆ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ಮಲಗಿದ್ದ. ಶಿಷ್ಯರು ಎಬ್ಬಿಸಿ ಕೂಗಿದರು: "ಗುರುವೇ, ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆ ಇಲ್ವಾ?"

ಇದು ಚೆಂದದ ಪ್ರಾರ್ಥನೆ ಅಲ್ಲ. ಹೆಚ್ಚು ಕಡಿಮೆ ಬೈಗುಳ. ಆದರೂ ಯೇಸು ಎದ್ದ. ಮಾರ್ಕನು ಬರೆದ ಪ್ರಕಾರ ಮೊದಲು ಗಾಳಿಯನ್ನು ಸುಮ್ಮನಾಗಿಸಿದ, ವಿಶ್ವಾಸದ ಪ್ರಶ್ನೆ ಕೇಳಿದ್ದು ಆಮೇಲೆ. ರಾತ್ರಿ ಮೂರಕ್ಕೆ ನಿಮ್ಮ ಬಾಯಿಂದ ನೆಟ್ಟಗೆ ಪ್ರಾರ್ಥನೆ ಬರುವುದಿಲ್ಲ ಅಂತಾದರೆ, "ನಿನಗೆ ಚಿಂತೆ ಇಲ್ವಾ?" ಅಂತಲೇ ಕೇಳಿ. ಅದೂ ಪ್ರಾರ್ಥನೆಯೇ.

ಆ ಮಾತಿನ ಜೊತೆ ಇನ್ನೊಂದು ಸಂಗತಿ ಇದೆ. ಇದನ್ನು ಗಮನಿಸಿದ ದಿನದಿಂದ ನನಗೆ ಆ ಕಥೆ ಬೇರೆಯೇ ಆಗಿದೆ. "ಚಿಂತೆ ಇಲ್ವಾ" ಅನ್ನುವ ಕಡೆ ಗ್ರೀಕ್‌ನಲ್ಲಿ ಇರುವ ಕ್ರಿಯಾಪದ 'ಮೆಲೈ'. ಆ ದೋಣಿಯಲ್ಲಿ ಪೇತ್ರನೂ ಇದ್ದ. ಎಷ್ಟೋ ವರ್ಷಗಳ ಮೇಲೆ ಕಷ್ಟದಲ್ಲಿದ್ದ ಸಭೆಗಳಿಗೆ ಅವನ ಹೆಸರಿನ ಪತ್ರದಲ್ಲಿ ಒಂದು ಮಾತು ಬರುತ್ತದೆ, ನಿಮಗೆ ಬಾಯಿಪಾಠವೇ ಇರುತ್ತದೆ: "ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ." ಈ "ಚಿಂತಿಸುತ್ತಾನೆ" ಅನ್ನುವಲ್ಲಿ ಇರುವುದೂ ಅದೇ ಮೆಲೈ. ದೋಣಿಯಲ್ಲಿ ಕೂಗಿದ ಪ್ರಶ್ನೆಗೆ ಮುದಿ ವಯಸ್ಸಿನಲ್ಲಿ ತಾನೇ ಉತ್ತರ ಬರೆದ ಹಾಗಿದೆ. ನಿನಗೆ ಚಿಂತೆ ಇಲ್ವಾ ಅಂತ ಕೇಳಿದ್ದೆವು. ಇದೆ, ಆತನಿಗೆ ನಿಮ್ಮ ಚಿಂತೆ ಇದೆ.

"ಹಾಕಿರಿ" ಅನ್ನುವ ಪದವೂ ಸುಮ್ನೆ ಬಂದದ್ದಲ್ಲ. ಹೊಸ ಒಡಂಬಡಿಕೆಯಲ್ಲಿ ಆ ಪದ ಇನ್ನೊಂದೇ ಕಡೆ ಇದೆ. ಯೇಸು ಯೆರೂಸಲೇಮಿಗೆ ಹೋಗುವಾಗ ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಮೇಲೆ ಹಾಕಿದರಲ್ಲ, ಲೂಕ 19ರಲ್ಲಿ, ಅಲ್ಲಿ. ಹೊರೆಯನ್ನು ಎತ್ತಿ, ಹೊರುವ ಪ್ರಾಣಿಯ ಬೆನ್ನಿಗೆ ಹಾಕುವ ಹಾಗೆ. ಹೊರೆ ಇಲ್ಲ ಅಂತ ನಟಿಸಿ ಅಂತ ಪೇತ್ರ ಹೇಳುತ್ತಿಲ್ಲ. ಹೊರೆ ಇದೆ. ಹೊರುವವನು ಬೇರೆ ಇದ್ದಾನೆ. ಮತ್ತೆ ಒಂದು ಸಲ ಹಾಕಿದರೆ ಮುಗಿಯುವುದೂ ಇಲ್ಲ. ನಾಳೆ ರಾತ್ರಿ ನೋಡಿದರೆ ಗಂಟು ಮತ್ತೆ ನಿಮ್ಮ ತಲೆ ಮೇಲೇ ಇರುತ್ತದೆ. ಮತ್ತೆ ಹಾಕಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ತನ್ನ ಸಂಕಟದ ಒಂದೇ ಮಾತನ್ನು ಮೂರನೇ ಸಲವೂ ಹೇಳಿ ಪ್ರಾರ್ಥಿಸಿದ ಅಂತ ಮತ್ತಾಯ ಬರೆದಿದ್ದಾನೆ.

ನಿಮ್ಮ ಪತ್ರದಲ್ಲಿ ನೀವು ಬಿಡಿಬಿಡಿಯಾಗಿ ಬರೆದ ಎರಡು ಮಾತು ನನಗೆ ಒಟ್ಟಿಗೆ ಕಂಡವು. ಅಪ್ಪ ಹೋದ ಸುದ್ದಿ ಬಂದದ್ದು ರಾತ್ರಿ ಮೂರು ದಾಟಿದ ಮೇಲೆ. ನಿಮಗೆ ಎಚ್ಚರವಾಗುವುದೂ ಆಗಲೇ. ಮನಸ್ಸು ಮರೆತರೂ ಮೈ ಮರೆಯುವುದಿಲ್ಲ. ಆ ಹೊತ್ತಿಗೆ ಕೆಟ್ಟದ್ದು ಬಂದಿತ್ತು, ಇವತ್ತೂ ಬರಬಹುದು ಅಂತ ನಿಮ್ಮ ಮೈ ಕಾವಲು ಕೂತಿರಬಹುದು. ಕಾವಲುಗಾರ ತಪ್ಪಾಗಿ ಸೀಟಿ ಊದುತ್ತಾನೆ. ಎದೆ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಉಸಿರು ಜೋರಾದಾಗ ಬೆರಳು ಜುಮ್ ಅನ್ನುತ್ತವೆ. "ಅಪ್ಪನಿಗೆ ಆದದ್ದೇ ನನಗೂ" ಅನಿಸುತ್ತದೆ. ಆ ಯೋಚನೆಗೆ ಎದೆ ಇನ್ನೂ ಬಡಿಯುತ್ತದೆ. ಇದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಪಾಪದ ಗುರುತಲ್ಲ, ದೆವ್ವದ ಕಾಟವೂ ಅಲ್ಲ.

ಒಳಗೆ ದುಃಖವೂ ಇದೆ ಅಂತ ನನಗೆ ಅನಿಸುತ್ತದೆ. ಅಪ್ಪನಿಗಾಗಿ ನೀವು ಎಷ್ಟು ಅತ್ತಿದ್ದೀರೋ ಗೊತ್ತಿಲ್ಲ. ಗಂಡ ದೂರ, ಮಗನ ಓದು, ಮನೆಯಲ್ಲಿ ಗಟ್ಟಿಯಾಗಿ ಇರಬೇಕಾದವರು ನೀವೊಬ್ಬರೇ. ತೀರಿಕೊಂಡಿದ್ದ ಗೆಳೆಯ ಲಾಜರನನ್ನು ಇನ್ನು ಸ್ವಲ್ಪ ಹೊತ್ತಿಗೆ ಬದುಕಿಸಿ ಎಬ್ಬಿಸಲಿದ್ದ ಯೇಸುವೇ ಅವನ ಸಮಾಧಿಗೆ ಹೋಗುವ ದಾರಿಯಲ್ಲಿ ಅತ್ತ. ನೀವೂ ಅಳಿ. ಪುನರುತ್ಥಾನದ ನಿರೀಕ್ಷೆ ಇದ್ದವರು ಅಳಬಾರದು ಅಂತ ಎಲ್ಲೂ ಬರೆದಿಲ್ಲ.

ಇನ್ನು ಮಾತ್ರೆ. ನಾನು ವೈದ್ಯನಲ್ಲ, ಆ ಮಾತ್ರೆ ಯಾವುದು ಅಂತ ನೀವು ಬರೆದಿಲ್ಲ. ಆದ್ದರಿಂದ ಇವತ್ತೇ ನುಂಗಿ ಅಂತ ನಾನು ಹೇಳುವುದು ಸರಿಯಲ್ಲ. ಡಬ್ಬಿಯಿಂದ ತೆಗೆದು, ಚೀಟಿ ಸಮೇತ ಅದೇ ಡಾಕ್ಟರ್ ಹತ್ತಿರ ಈ ವಾರವೇ ಹೋಗಿ. ಒಂದೂ ತೆಗೆದುಕೊಂಡಿಲ್ಲ ಅಂತ ನಾಚಿಕೆ ಇಲ್ಲದೆ ಹೇಳಿ, ಅವರು ಇಂಥದ್ದನ್ನು ದಿನಾ ಕೇಳುತ್ತಾರೆ. ಥೈರಾಯ್ಡ್ ಪರೀಕ್ಷೆ ಬೇಕಾ ಕೇಳಿ. ಅದು ಜಾಸ್ತಿ ಕೆಲಸ ಮಾಡಿದರೂ ಎದೆ ಡವಡವ ಅನ್ನುತ್ತದೆ. ಆತಂಕಕ್ಕೆ ಕೊಡುವ ಕೆಲವು ಮಾತ್ರೆಗಳು ಕೆಲಸ ಶುರು ಮಾಡಲು ಎರಡು ವಾರದ ಮೇಲೆ ಬೇಕಾಗುತ್ತದೆ. ಕೆಲವು ಬೇಗ ಹಿಡಿಯುತ್ತವೆ, ಆದರೆ ಬಹಳ ದಿನ ತೆಗೆದುಕೊಂಡರೆ ಅಭ್ಯಾಸವಾಗಬಹುದು. ನಿಮ್ಮದು ಯಾವುದು, ಎಷ್ಟು ದಿನ, ನಿಲ್ಲಿಸುವಾಗ ಹೇಗೆ ಅಂತ ಕೇಳಿಕೊಳ್ಳಿ. ಮಾತಿನ ಚಿಕಿತ್ಸೆಯೂ ಆತಂಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನೂ ಕೇಳಿ. ನಡುರಾತ್ರಿ ಯಾರಾದರೂ ಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಬೆಳಗಾಗಲಿ ಅಂತ ಕಾಯಬೇಡಿ, ಮಗನನ್ನೇ ಎಬ್ಬಿಸಿ.

ಉಪವಾಸ ಈಗ ಬೇಡ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಪ್ರವಾದಿ ಎಲೀಯನನ್ನು ನೆನಪಿಸಿಕೊಳ್ಳಿ, 1 ಅರಸುಗಳು 19. ರಾಣಿ ಈಜೆಬೆಲಳ ಬೆದರಿಕೆಗೆ ಪ್ರಾಣಭಯದಿಂದ ಓಡಿದ, ಅಡವಿಯಲ್ಲಿ ಜಾಲಿ ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಕೋ" ಅಂದ. ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟ. ದೇವದೂತ ತಟ್ಟಿ ಎಬ್ಬಿಸಿ "ಎದ್ದು ಊಟ ಮಾಡು" ಅಂದ. ನೋಡಿದರೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ದೇವರು ಅವನೊಡನೆ ಮೆಲ್ಲನೆಯ ದನಿಯಲ್ಲಿ ಮಾತಾಡಿದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ರೊಟ್ಟಿ ಮೊದಲು, ನಿದ್ದೆ ಮೊದಲು. ನಿದ್ದೆಗೆಟ್ಟ ಮೈಯನ್ನು ಹಸಿವಿನಿಂದ ಇನ್ನೂ ದಣಿಸುವುದು ಭಕ್ತಿ ಅಲ್ಲ. ಮಧ್ಯಾಹ್ನದ ಮೇಲೆ ಚಹಾ, ಕಾಫಿಯನ್ನೂ ಬಿಡಿ.

ಮೂರಕ್ಕೆ ಎಚ್ಚರವಾದಾಗ ಏನು ಮಾಡಬೇಕು? ಮೊಬೈಲ್ ಮುಟ್ಟಬೇಡಿ, ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ. ಎದ್ದು ಕೂತು ಎರಡೂ ಪಾದ ನೆಲಕ್ಕೆ ಊರಿ. ಉಸಿರು ಒಳಗೆ ತೆಗೆದುಕೊಳ್ಳುವಾಗ "ಯೆಹೋವನು ನನಗೆ ಕುರುಬನು" ಅಂತ ಮನಸ್ಸಿನಲ್ಲಿ ಹೇಳಿ. ಬಿಡುವಾಗ ಇನ್ನೂ ನಿಧಾನವಾಗಿ "ಕೊರತೆಪಡೆನು." ಬಿಡುವ ಉಸಿರು ಉದ್ದ ಇರಲಿ, ಎದೆ ಬಡಿತ ಇಳಿಯಲು ಅದು ನೆರವಾಗುತ್ತದೆ. ಚಿಕ್ಕ ಪ್ರಾರ್ಥನೆಯನ್ನು ಉಸಿರಿನ ಜೊತೆ ಮತ್ತೆ ಮತ್ತೆ ಹೇಳುವುದು ಪೂರ್ವದ ಸಭೆಗಳ ಸನ್ಯಾಸಿಗಳು ಶತಮಾನಗಳಿಂದ ಮಾಡಿಕೊಂಡು ಬಂದದ್ದು. ಹೆದರಿಕೆಯನ್ನು ಓಡಿಸಲು ಗುದ್ದಾಡಬೇಡಿ. ಬಂದಿದೆ, ಇಳಿಯುತ್ತದೆ, ಕುರುಬನು ಇದ್ದಾನೆ, ಅಷ್ಟೇ. ಆ 23ನೇ ಕೀರ್ತನೆಯಲ್ಲೇ ಒಂದು ತಿರುವು ಇದೆ, ಗಮನಿಸಿದ್ದೀರಾ? ಹಸುರು ಹುಲ್ಲಿನ ಕಡೆ ಇರುವಾಗ ದಾವೀದ "ಆತನು" ಅನ್ನುತ್ತಾನೆ. ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ "ನೀನು" ಅನ್ನುತ್ತಾನೆ. ಕತ್ತಲಲ್ಲಿ ದೇವರ ಬಗ್ಗೆ ಮಾತು ನಿಂತು ದೇವರ ಜೊತೆ ಮಾತು ಶುರುವಾಗುತ್ತದೆ.

ಸಾಲ, ಮಗನ ಸಿಇಟಿ, ಗಂಡನ ಕೆಲಸ ಇವು ಬೇರೆ ಥರದ ಚಿಂತೆ. ಇವಕ್ಕೆ ರಾತ್ರಿ ಮೂರು ಗಂಟೆ ಸರಿಯಾದ ಹೊತ್ತಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಕಾಲು ಗಂಟೆ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆಯಿರಿ. ನಾಳೆ ನೀವು ಮಾಡಬಹುದಾದದ್ದು ಏನಾದರೂ ಇದ್ದರೆ, ಬ್ಯಾಂಕಿಗೆ ಹೋಗುವುದೋ ಯಾರಿಗೋ ಫೋನ್ ಮಾಡುವುದೋ, ಅದರ ಎದುರು ಗುರುತು ಹಾಕಿ. ಉಳಿದದ್ದನ್ನು ದೇವರ ಮುಂದೆ ಬಿಚ್ಚಿಡಿ. ಹಿಜ್ಕೀಯ ಅರಸ ಮಾಡಿದ್ದು ಇದನ್ನೇ. ಅಶ್ಶೂರದ ಸನ್ಹೇರೀಬನ ಸೈನ್ಯ ಯೆಹೂದದ ಕೋಟೆ ಊರುಗಳನ್ನೆಲ್ಲ ಹಿಡಿದಿತ್ತು, ಕ್ರಿಸ್ತಪೂರ್ವ 701ರ ಮಾತು. ಬೆದರಿಕೆ ಪತ್ರ ಬಂತು. ಹಿಜ್ಕೀಯ ಓದಿ, ಅದನ್ನು ದೇವಾಲಯಕ್ಕೆ ತೆಗೆದುಕೊಂಡು ಹೋಗಿ, ಯೆಹೋವನ ಮುಂದೆ ಹರಡಿ ಇಟ್ಟ. ಪತ್ರದಲ್ಲಿ ಏನಿದೆ ಅಂತ ದೇವರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಹರಡಿ ಇಡುವುದು ಹಿಜ್ಕೀಯನಿಗೆ ಬೇಕಾಗಿತ್ತು. ನಿಮ್ಮ ನೋಟ್‌ಬುಕ್ಕನ್ನೂ ಹಾಗೇ ತೆರೆದು ಇಡಿ, ಬ್ಯಾಂಕಿನ ನೋಟಿಸ್ ಇದ್ದರೆ ಅದನ್ನೂ. ರಾತ್ರಿ ಚಿಂತೆ ಬಂದರೆ "ನಿನ್ನದು ಬರೆದಾಗಿದೆ, ನಾಳೆ ಸಂಜೆ ಬಾ" ಅಂತ ಹೇಳಲು ಒಂದು ಮಾತಾದರೂ ಸಿಗುತ್ತದೆ. ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು ಅಂತ ಯೇಸು ಹೇಳಿದ್ದು ದಿನಗೂಲಿಯಲ್ಲಿ ಬದುಕುವವರೂ ಇದ್ದ ಜನರಿಗೆ. ಅವರ ಕಾಟ ಅವನಿಗೆ ಗೊತ್ತಿತ್ತು.

ಇಷ್ಟು ಮಾಡಿದರೆ ಹೆದರಿಕೆ ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಹೆಚ್ಚಿನವರಿಗೆ ಕಡಿಮೆ ಆಗುತ್ತದೆ. ಕೆಲವರಿಗೆ ಬಹಳ ಕಾಲ ಜೊತೆಗೇ ಇರುತ್ತದೆ. ಲಂಡನ್ನಿನ ಹೆಸರಾಂತ ಬೋಧಕ ಚಾರ್ಲ್ಸ್ ಸ್ಪರ್ಜನ್‌ಗೆ 22 ವರ್ಷವಾಗಿದ್ದಾಗ, 1856ರ ಅಕ್ಟೋಬರ್ 19ರಂದು, ಅವರ ಕೂಟದಲ್ಲಿ ಯಾರೋ "ಬೆಂಕಿ" ಅಂತ ಸುಳ್ಳೇ ಕೂಗಿದರು. ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಆ ಪೆಟ್ಟು ಅವರನ್ನು ಪೂರ್ತಿ ಬಿಡಲೇ ಇಲ್ಲ. ಖಿನ್ನತೆಯ ದಿನಗಳು ಜೀವಮಾನವಿಡೀ ಬಂದು ಹೋಗುತ್ತಿದ್ದವು, ಅದನ್ನು ಸಭೆಯ ಮುಂದೆಯೇ ಹೇಳಿಕೊಳ್ಳುತ್ತಿದ್ದರು. ಅವರ ವಿಶ್ವಾಸ ಸುಳ್ಳು ಅಂತ ಯಾರೂ ಹೇಳುವುದಿಲ್ಲ.

ಕೊನೆಗೆ ನೀವು ಕೇಳಿದ್ದು, ಗಂಡನಿಗೆ ಹೇಳಲಾ ಅಂತ. ಹೇಳಿ. ಗೆತ್ಸೇಮನೆಯಲ್ಲಿ ಯೇಸು ಒಬ್ಬನೇ ಹೋಗಲಿಲ್ಲ, ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋದ. ಸಾಯುವಷ್ಟು ಸಂಕಟವಾಗಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಬಾಯಿ ಬಿಟ್ಟು ಕೇಳಿದ. ಅವರು ನಿದ್ದೆ ಹೋದರು, ಆದರೂ ಕೇಳಿದ. ನಿಮ್ಮವರು ದೂರದಲ್ಲಿದ್ದು ಗಾಬರಿಯಾಗುತ್ತಾರೆ ಅಂತ ನೀವು ಮುಚ್ಚಿಟ್ಟಿರಬಹುದು. ಆದರೆ ಅವರೂ ಅಲ್ಲಿ ಏನೇನು ಮುಚ್ಚಿಟ್ಟುಕೊಂಡಿದ್ದಾರೋ. ಒಮಾನ್‌ನಲ್ಲಿ ಶುಕ್ರವಾರ ರಜೆ ಇರುತ್ತದಲ್ಲ, ಮಗ ಹೊರಗೆ ಹೋದ ಹೊತ್ತು ನೋಡಿ ಫೋನ್ ಮಾಡಿ. ಇಸಿಜಿ ಸರಿ ಇದೆ ಅನ್ನುವುದನ್ನು ಮೊದಲು ಹೇಳಿ, ಆಮೇಲೆ ರಾತ್ರಿ ಮೂರು ಗಂಟೆಯ ವಿಷಯ ಹೇಳಿ. ಹೇಗೆ ಶುರು ಮಾಡುವುದು ಅಂತ ತೋಚದಿದ್ದರೆ, ನನಗೆ ಬರೆದ ಈ ಪತ್ರವನ್ನೇ ಓದಿ ಹೇಳಿ.